ಐದು ನಿಮಿಷದ ವರದಿಗಾರ

ನನ್ನ ಬಲಗೈಯ ತೋರುಬೆರಳಿಗೆ ಒಂದು ಕೆಟ್ಟ ಚಾಳಿಯಿದೆ. ಯಾರಾದರೂ ಸ್ವಲ್ಪ ಹೊತ್ತು ಮಾತಾಡಿದರೆ ಸಾಕು, ಅದು ತನ್ನಷ್ಟಕ್ಕೆ ತಾನೇ ನನ್ನ ತೊಡೆಯ ಮೇಲೆ ಬರೆಯಲು ಶುರುಮಾಡುತ್ತದೆ. ಇವತ್ತು ಬೆಳಿಗ್ಗೆ ತರಕಾರಿ ಗಾಡಿಯವನು ಈ ವಾರ ಬೆಂಡೆಕಾಯಿ ಯಾಕೆ ಬಲಿತಿದೆ ಎಂದು ವಿವರಿಸುತ್ತಿದ್ದ. ನನ್ನ ಬೆರಳು ಅದನ್ನೂ ಲುಂಗಿಯ ಮೇಲೆ ಬರೆದುಕೊಂಡಿತು. ನನ್ನ ಹೆಂಡತಿ ಪದ್ಮ ಗೇಟಿನ ತನಕ ಬಂದು ಕೈಮೇಲೆ ಒಂದು ಏಟು ಹಾಕಿದಳು.

“ಏನಂಡೀ, ಅವ್ನೇನು ಮಂತ್ರೀನಾ? ಸುಮ್ನೆ ಚೀಲ ಹಿಡ್ಕಳ್ರಿ.”

ಪದ್ಮ ಹುಟ್ಟಿ ಬೆಳೆದದ್ದು ವಿಶಾಖಪಟ್ಟಣದ ಗಾಜುವಾಕದಲ್ಲಿ. ಕನ್ನಡ ಕಲಿತದ್ದು ಮದುವೆಯಾದ ಮೇಲೆ ಬೇಸಿಗೆ ರಜೆಗಳಲ್ಲಿ, ದಾವಣಗೆರೆಯ ನಮ್ಮ ಅವ್ವನ ಹತ್ತಿರ. ಹಾಗಾಗಿ ಅವಳು ಬೈದರೆ ಎರಡೂ ಊರು ಸೇರಿ ಬೈದ ಹಾಗಿರುತ್ತದೆ.

ಬೆರಳಿಗೆ ಈ ಚಾಳಿ ಹತ್ತಿದ್ದು ನನ್ನ ನೌಕರಿಯಿಂದ. ನಾನು ದೆಹಲಿಯಲ್ಲಿ ಸಂಸತ್ತಿನ ಮೇಲ್ಮನೆಯ ವರದಿಗಾರನಾಗಿದ್ದವನು. ವರದಿಗಾರ ಎಂದರೆ ಪತ್ರಿಕೆಯವನಲ್ಲ. ಸದನದ ನಟ್ಟನಡುವೆ, ಸಭಾಪತಿಗಳ ಪೀಠದ ಕೆಳಗೆ ಒಂದು ಮೇಜಿರುತ್ತದೆ. ಅಲ್ಲಿ ಕೂತು ಯಾರು ಏನಂದರು ಎಂಬುದನ್ನು ಶೀಘ್ರಲಿಪಿಯಲ್ಲಿ ಒಂದಕ್ಷರ ಬಿಡದೆ ಬರೆದುಕೊಳ್ಳುವವನು. ಸದಸ್ಯರು ಬಾವಿಗಿಳಿದು ಕೂಗಾಡುವುದನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಅವರ ಸೊಂಟದ ಹತ್ತಿರ ತಲೆ ತಗ್ಗಿಸಿ ಬರೆಯುತ್ತಿರುವ ಒಂದು ಬೋಳುತಲೆ ಕಂಡಿದ್ದರೆ ಅದು ನನ್ನದೇ ಇರಬಹುದು. ನನ್ನನ್ನು ಇಡೀ ದೇಶ ನೋಡಿದೆ, ಮುಖ ಮಾತ್ರ ಯಾರೂ ನೋಡಿಲ್ಲ.

ಈ ಬೆರಳಿನ ಮೇಲೆ ನನಗೆ ಬಹಳ ಜಂಬವಿತ್ತು. ಆ ಜಂಬದ ದೆಸೆಯಿಂದ ನನ್ನ ಹೆಂಡತಿ ತನಗಿರುವ ಒಬ್ಬಳೇ ಒಬ್ಬ ಅಕ್ಕನನ್ನು ಹದಿನಾಲ್ಕು ತಿಂಗಳು ಕಳೆದುಕೊಂಡು ಕೂತಿದ್ದಳು. ಈಗ ಎಲ್ಲ ಸರಿಹೋಗಿದೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಈ ಜಂಬಕ್ಕೆ ನೀರೆರೆದವಳು ನಮ್ಮ ಅವ್ವ. ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಭಟ್ಟಿಯ ಪಕ್ಕದ ಮಾಳಿಗೆಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಿಟಕಿಯಿಂದ ಹುರಿದ ಮಂಡಕ್ಕಿಯ ವಾಸನೆ, ಒಳಗೆ ರಿಬ್ಬನ್ನಿನ ವಾಸನೆ. ಪಿಯುಸಿ ಮುಗಿಸಿದ ನಾನು ಅಲ್ಲಿ ಶೀಘ್ರಲಿಪಿಗೆ ಸೇರಿದೆ. ನಂಜುಂಡಪ್ಪ ಮೇಷ್ಟ್ರು ರದ್ದಿ ಅಂಗಡಿಯಿಂದ ಮೇಲ್ಮನೆಯ ಹಳೇ ಚರ್ಚೆಗಳ ಪುಸ್ತಕ ತಂದು ಡಿಕ್ಟೇಶನ್ ಕೊಡುತ್ತಿದ್ದರು. ಕೊಡುವುದೆಂದರೆ ಸುಮ್ಮನೆ ಓದುವುದಲ್ಲ. ವಿರೋಧ ಪಕ್ಷದವರ ಮಾತು ಬಂದರೆ ಕುರ್ಚಿ ಹತ್ತಿ ನಿಲ್ಲುವರು, ಮಂತ್ರಿಗಳ ಉತ್ತರ ಬಂದರೆ ಕೋಟಿನ ಗುಂಡಿ ಹಾಕಿಕೊಂಡು ಮೆಲ್ಲಗೆ ಕೆಮ್ಮುವರು, ಗದ್ದಲ ಬಂದರೆ ಮರದ ಸ್ಕೇಲಿನಿಂದ ಮೇಜು ಬಡಿಯುವರು. ಕೆಳಗೆ ಭಟ್ಟಿಯವರು “ಮೇಷ್ಟ್ರೇ, ಮೇಲೆ ಏನ್ ನಡದೈತ್ರೀ?” ಎಂದು ಕೂಗುತ್ತಿದ್ದರು.

ನಾನು ಏನು ಬೇಕಾದರೂ ಬರೆದುಕೊಂಡು ಹಾಗೇ ಒಪ್ಪಿಸಬಲ್ಲೆ ಎಂದು ಅವ್ವನಿಗೆ ಗೊತ್ತಾದ ದಿನ ನಮ್ಮ ಬೀದಿಯ ನಲ್ಲಿ ಜಗಳಗಳ ಸ್ವರೂಪವೇ ಬದಲಾಯಿತು. ಎದುರುಮನೆಯ ಬಸಕ್ಕ ಬೆಳಿಗ್ಗೆ ಒಂದು ಮಾತಂದರೆ ಅವ್ವ ಸಂಜೆ ನನ್ನನ್ನು ಪುಸ್ತಕದ ಸಮೇತ ಕರೆದುಕೊಂಡು ಹೋಗುತ್ತಿದ್ದಳು.

“ಓದಲೇ. ಬಸಕ್ಕ ಏನಂದ್ಲು ಓದು.”

“‘ನಲ್ಲಿ ಕೆಳಗ ಕೊಡ ಇಟ್ಟು ಮನಿಗೋಗಿ ಮಕ್ಕಂತಿಯೇನು, ನಿಮ್ಮಪ್ಪಂದೇನು ನಲ್ಲಿ’ ಅಂದ್ರು.”

“ಅಯ್ಯೋ ಶಿವನೇ, ನಾ ಹಂಗಂದೇ ಇಲ್ಲ!”

“ಅಂದೀಯ. ನನ್ ಮಗ ಬರಕಂಡಾನ.”

ಬಸಕ್ಕ ತೆಪ್ಪಗಾಗುತ್ತಿದ್ದಳು. ಅವ್ವ ಸೆರಗು ಕೊಡವಿಕೊಂಡು ಗೆದ್ದು ಬರುತ್ತಿದ್ದಳು. ಒಂದು ದಿನ ನಾನು ಉತ್ಸಾಹ ಹೆಚ್ಚಾಗಿ, ಅದಕ್ಕೆ ಅವ್ವ ಏನು ಉತ್ತರ ಕೊಟ್ಟಳು ಎಂಬುದನ್ನೂ ಓದಿಬಿಟ್ಟೆ. ಬೀದಿಯಲ್ಲಿ ನಿಂತಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಆ ಪುಸ್ತಕ ಅವತ್ತೇ ನೀರೊಲೆ ಸೇರಿತು. ಬುದ್ಧಿ ಬರಬೇಕಾಗಿದ್ದದ್ದು ಆಗಲೇ, ನನಗೆ ಬರಲಿಲ್ಲ.

ಮೇಲ್ಮನೆಗೆ ಸೇರಿದ ಮೇಲೆ ಜಂಬ ಇನ್ನೂ ಏರಿತು. ಅಲ್ಲಿ ನಮ್ಮ ಕೆಲಸದ ರೀತಿ ಹೇಗೆಂದರೆ, ಒಬ್ಬೊಬ್ಬರಿಗೆ ಐದೈದು ನಿಮಿಷದ ಸರದಿ. ಗಡಿಯಾರ ನೋಡಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಬೇಕು, ಐದು ನಿಮಿಷ ಬರೆಯಬೇಕು, ಮುಂದಿನವನು ಬಂದು ಪಕ್ಕದಲ್ಲಿ ಕೂತ ತಕ್ಷಣ ಎದ್ದು ಬರಬೇಕು. ಮಾತಾಡುವವರ ವಾಕ್ಯ ಅರ್ಧದಲ್ಲಿದ್ದರೂ ಸರಿಯೇ. ಒಳಗೆ ಹೋಗಿ ಅದನ್ನು ಟೈಪು ಮಾಡಿ ಕೊಟ್ಟು ಮುಂದಿನ ಸರದಿಗೆ ಕಾಯಬೇಕು. ಇಷ್ಟು ವರ್ಷ ಅಲ್ಲಿದ್ದೆನಲ್ಲ, ಒಂದೇ ಒಂದು ಚರ್ಚೆಯನ್ನು ಮೊದಲಿನಿಂದ ಕೊನೆಯವರೆಗೆ ನಾನು ಕೇಳಿಲ್ಲ. ಮಸೂದೆ ಪಾಸಾಯಿತೋ ಬಿತ್ತೋ ಎಂಬುದೂ ಮರುದಿನ ಪೇಪರು ನೋಡಿದ ಮೇಲೇ ಗೊತ್ತಾಗುತ್ತಿತ್ತು. ಊರಿಗೆ ಹೋದಾಗ ಜನ “ಏನ್ ಸಾಹೇಬ್ರೇ, ಆ ಮಸೂದೆ ಏನಾತು?” ಎಂದು ಕೇಳಿದರೆ ನಾನು ಗಂಭೀರವಾಗಿ “ಅದು ಗೋಪ್ಯ” ಎನ್ನುತ್ತಿದ್ದೆ.

ಆ ಐದೈದು ನಿಮಿಷಗಳಲ್ಲಿ ಕಂಡ ತಮಾಷೆಗಳಿಗೇನೂ ಕಡಿಮೆಯಿರಲಿಲ್ಲ. ಶೂನ್ಯವೇಳೆಯಲ್ಲಿ ಒಬ್ಬೊಬ್ಬ ಸದಸ್ಯರಿಗೆ ಮೂರು ನಿಮಿಷ, ಮೂರಾದ ಕೂಡಲೇ ಮೈಕು ತಾನಾಗಿ ಬಂದ್. ತಮ್ಮ ಊರಿನ ಸೇತುವೆಯ ಬಗ್ಗೆ ಆವೇಶದಿಂದ ಮಾತಾಡುತ್ತಿದ್ದವರು ಮೈಕು ಹೋದದ್ದು ತಿಳಿಯದೆ ಕೈಬೀಸುತ್ತಲೇ ಇರುತ್ತಿದ್ದರು. ಹತ್ತಿರವಿದ್ದ ನಮಗೆ ಮಾತ್ರ ಆ ಸೇತುವೆಯ ಉಳಿದ ಕಷ್ಟ ಕೇಳಿಸುತ್ತಿತ್ತು. ಒಬ್ಬರು ಮಾತು ಮುಗಿಸಿದ ಕೂಡಲೇ ಹತ್ತಾರು ಜನ ಎದ್ದು “ನಾನೂ ಇದಕ್ಕೆ ದನಿಗೂಡಿಸುತ್ತೇನೆ” ಎನ್ನುವುದು ಅಲ್ಲಿಯ ರೂಢಿ. ಆ ಹೆಸರುಗಳೆಲ್ಲ ದಾಖಲಾಗಬೇಕು. ಬೆಳಿಗ್ಗೆ ಒಬ್ಬರನ್ನೊಬ್ಬರು ಹರಿದು ತಿನ್ನುವಂತೆ ಕೂಗಾಡಿದವರು ಮಧ್ಯಾಹ್ನ ಒಂದೇ ತಟ್ಟೆಯಿಂದ ಬ್ರೆಡ್ ಟೋಸ್ಟ್ ತಿನ್ನುತ್ತಿದ್ದರು. ಅವಧಿ ಮುಗಿದವರಿಗೆ ಬೀಳ್ಕೊಡುಗೆ ಕೊಡುವ ದಿನವಂತೂ ಕೇಳಲೇಬೇಡಿ. ಆರು ವರ್ಷ ಬೈದಾಡಿದವರು ಎದ್ದು ನಿಂತು ಗದ್ಗದರಾಗುತ್ತಿದ್ದರು, ನಮ್ಮ ಪುಸ್ತಕದ ಹಾಳೆ ಒದ್ದೆಯಾಗದ ಹಾಗೆ ನಾವು ನೋಡಿಕೊಳ್ಳಬೇಕಾಗುತ್ತಿತ್ತು.

ಈ ಸರದಿಯಿಂದ ನನ್ನ ಮೈಗೆ ಒಂದು ರೋಗ ಅಂಟಿತು. ಎಲ್ಲಿಯೇ ಇರಲಿ, ಯಾರೇ ಮಾತಾಡುತ್ತಿರಲಿ, ಐದು ನಿಮಿಷವಾದರೆ ನನ್ನ ಕುಂಡೆ ತಾನಾಗಿ ಕುರ್ಚಿಯಿಂದ ಮೇಲೇಳುತ್ತದೆ. ನಗಬೇಡಿ. ದೆಹಲಿಯಲ್ಲಿ ಪರಿಚಯವಾದ ಪದ್ಮಳನ್ನು ಕೇಳಲು ಗಾಜುವಾಕಕ್ಕೆ ಹೋದಾಗ ನಮ್ಮ ಮಾವನವರು ಉಕ್ಕಿನ ಕಾರ್ಖಾನೆಯಲ್ಲಿ ತಾವು ಮಾಡಿದ ಸೇವೆಯ ಬಗ್ಗೆ ಹೇಳತೊಡಗಿದರು. ಐದು ನಿಮಿಷವಾಯಿತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಟ್ಟೆ. ಹುಡುಗ ಒಲ್ಲೆ ಅಂದ ಎಂದು ಒಳಗೆ ಅಳುವೇ ಶುರುವಾಗಿತ್ತಂತೆ. ಬಸ್ ಸ್ಟಾಪಿನ ತನಕ ಹೋದವನಿಗೆ ಎಚ್ಚರವಾಗಿ ವಾಪಸು ಬಂದೆ. ಮಾವನವರು ಇನ್ನೂ ಹೇಳುತ್ತಲೇ ಇದ್ದರು. ಪದ್ಮ ಮಾತ್ರ ಬಾಗಿಲ ಹಿಂದೆ ನಿಂತು ನಕ್ಕಿದ್ದಳು, ಅದರಿಂದ ಮದುವೆಯಾಯಿತು.

ಇನ್ನು ವಿಜಯವಾಡದ ವಿಷಯಕ್ಕೆ ಬರುತ್ತೇನೆ. ಪದ್ಮಳ ಅಕ್ಕ ಸುಗುಣಮ್ಮ ಇರುವುದು ಅಲ್ಲಿ, ಸತ್ಯನಾರಾಯಣಪುರಂನಲ್ಲಿ. ತೆಲುಗಿನವರ ರೂಢಿಯಂತೆ ನಾನು ಅವರನ್ನು ವದಿನಗಾರು ಎನ್ನುತ್ತೇನೆ, ನಮ್ಮಲ್ಲಿ ಅತ್ತಿಗೆಯವರೇ ಎಂದ ಹಾಗೆ. ತಂಗಿಯ ಗಂಡನಾದ ನನ್ನನ್ನು ಅವರು ಮರಿದಿಗಾರು ಎನ್ನುತ್ತಾರೆ. ಮಾವನವರು ಹೋದ ಮೇಲೆ ಅತ್ತೆ ಈ ವದಿನ ಅವರ ಮನೆಯಲ್ಲೇ ಇದ್ದರು. ಕೊನೆಕೊನೆಗೆ ಹಾಸಿಗೆ ಹಿಡಿದರು, ಮರೆವು ಹತ್ತಿತು. ಆಗ ನಾವಿನ್ನೂ ದೆಹಲಿಯಲ್ಲಿ. ನನಗೆ ಅಧಿವೇಶನ, ಪದ್ಮಳಿಗೆ ಶಾಲೆಯಲ್ಲಿ ಗಣಿತದ ಪಾಠ. ರಜೆ ಸಿಕ್ಕಾಗ ಅವಳು ಓಡಿಹೋಗುತ್ತಿದ್ದಳು, ಎರಡು ದಿನವಿದ್ದು ಅಳುತ್ತಾ ವಾಪಸು ಬರುತ್ತಿದ್ದಳು. ಅತ್ತೆ ತೀರಿಕೊಂಡಾಗಲೂ ಅವಳು ಹತ್ತಿರವಿರಲಿಲ್ಲ. ಆ ಕೊರಗು ಅವಳನ್ನು ಬಿಟ್ಟಿರಲಿಲ್ಲ. ನಾನು ನಿವೃತ್ತನಾದ ಮೇಲೆ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಒಂದು ಮನೆ ಮಾಡಿಕೊಂಡೆವು. ಅಕ್ಕನ ಊರು ಇಲ್ಲಿಂದ ರೈಲಿನಲ್ಲಿ ಆರು ಗಂಟೆಯ ದಾರಿ ಎಂಬುದೇ ಅವಳಿಗೆ ದೊಡ್ಡ ಸಮಾಧಾನವಾಗಿತ್ತು.

ಅತ್ತೆ ಹೋಗಿ ಒಂದು ವರ್ಷವಾಗಿತ್ತು. ಪರಿಚಯದವರ ಮದುವೆಗೆಂದು ನಾನೊಬ್ಬನೇ ವಿಜಯವಾಡಕ್ಕೆ ಹೋಗಿ ವದಿನ ಅವರ ಮನೆಯಲ್ಲಿ ಇಳಿದುಕೊಂಡಿದ್ದೆ. ಬೆಳಗಿನ ಹೊತ್ತು. ಷಡ್ಡಕರು ಅಂಗಡಿಗೆ ಹೋಗಿದ್ದರು. ನಾನು ಟೀ ಕುಡಿದು ಹಾಲಿನಲ್ಲಿ ಪೇಪರು ಹಿಡಿದು ಕೂತಿದ್ದೆ. ವದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ತೆನಾಲಿಯ ಪಿನ್ನಿಗೆ, ಎಂದರೆ ಅವರ ಚಿಕ್ಕಮ್ಮನಿಗೆ ಫೋನು ಮಾಡಿದರು. ದನಿ ಏರಿತು. ನನ್ನ ಬೆರಳು ಪೇಪರಿನ ಅಂಚಿನಲ್ಲಿ ಓಡತೊಡಗಿತು. ಅವರಾಡಿದ್ದು ತೆಲುಗು, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ಪದ್ಮ ಏನು ಮಾಡಿದಳು ಅಮ್ಮನಿಗೆ? ಹಬ್ಬಕ್ಕೆ ಬಂದಳು, ಎರಡು ದಿನ ಕೂತಳು, ಕಣ್ಣೀರು ಹಾಕಿದಳು, ಹೋದಳು. ಹಾಸಿಗೆ ಬದಲಾಯಿಸಿದ್ದು ಯಾರು? ಮೈ ಒರೆಸಿದ್ದು ಯಾರು? ದೂರ ಕೂತು ಫೋನಿನಲ್ಲಿ ಪ್ರೀತಿ ತೋರಿಸೋದು ಯಾರಿಗೆ ಬರಲ್ಲ? ಎಲ್ಲ ಮುಗಿದ ಮೇಲೆ ಬಂದು ಅಮ್ಮನ ಸೀರೆ ಮಾತ್ರ ಎತ್ಕೊಂಡು ಹೋದಳು...”

ಹೀಗೇ ಸಾಗಿತು. ಐದು ನಿಮಿಷವಾಯಿತು. ನಾನು ಎದ್ದೆ. ಕಾಲುವೆಯ ಹತ್ತಿರದ ಅಂಗಡಿಗೆ ಹೋಗಿ ಮತ್ತೊಂದು ಟೀ ಕುಡಿದೆ. ವಾಪಸು ಬಂದಾಗ ವದಿನ ಅವರ ಕಣ್ಣು ಕೆಂಪಗಿದ್ದವು. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ಅವರು ಏನೂ ಆಗಿಲ್ಲವೆಂಬಂತೆ ಪೆಸರಟ್ಟು ದೋಸೆ ಹಾಕಿಕೊಟ್ಟರು. “ಪದ್ಮನ್ನ ಕೇಳಿದೆ ಅಂತ ಹೇಳಂಡಿ” ಎಂದು ಅವಳಿಗೆ ಒಂದು ಡಬ್ಬಿ ತುಂಬ ಲಡ್ಡು ಕಟ್ಟಿಕೊಟ್ಟರು. ಎಂಥಾ ನಟನೆ ಎಂದು ನನಗೆ ಮೈ ಉರಿದುಹೋಯಿತು.

ನಮ್ಮ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ರೈಲಿಳಿದು ಮನೆಗೆ ಬಂದೆ. ಪದ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. “ಅಕ್ಕ ಏನಂದ್ಲು?” ಎಂದು ಆಸೆಯಿಂದ ಕೇಳಿದಳು. ಬೇರೆ ಯಾವ ಗಂಡಸಾದರೂ “ಚೆನ್ನಾಗಿದಾರೆ, ಲಡ್ಡು ಕಳಿಸಿದಾರೆ” ಎನ್ನುತ್ತಿದ್ದ. ನಾನು ವರದಿಗಾರ. ಒಂದಕ್ಷರ ಬಿಡದೆ ಒಪ್ಪಿಸಿದೆ.

ಪದ್ಮ ಸೌಟು ಹಿಡಿದುಕೊಂಡೇ ನಿಂತಳು. “ಇನ್ನೊಂದ್ಸಲ ಹೇಳ್ರಿ” ಎಂದಳು. ಎಂಥಾ ಪಶು ನಾನು! ಇನ್ನೊಂದು ಸಲ ಹೇಳಿದೆ. ಎರಡನೇ ಸಲ ದನಿಯ ಏರಿಳಿತವನ್ನೂ ಸೇರಿಸಿದೆ. ಒಗ್ಗರಣೆ ಸೀದುಹೋಯಿತು. ಅವಳು ಒಲೆ ಆರಿಸಿ ಹೋಗಿ ಮಲಗಿದಳು.

ಮರುದಿನ ನನಗೇ ಮನಸ್ಸು ತಡೆಯದೆ, ಅಕ್ಕನನ್ನೇ ಒಂದು ಮಾತು ಕೇಳು ಎಂದೆ. “ಕೇಳೋದೇನೈತಿ? ನೀವು ತಪ್ಪು ಬರೆಯಲ್ಲವಲ್ಲ” ಎಂದಳು. ಆ ಕ್ಷಣದಲ್ಲಿ, ನಾಚಿಕೆಯಾಗುತ್ತದೆ ಹೇಳಲು, ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಅಲ್ಲಿಂದ ಹದಿನಾಲ್ಕು ತಿಂಗಳು. ವದಿನ ಫೋನು ಮಾಡಿದರೆ ಪದ್ಮ ಎತ್ತಲಿಲ್ಲ. ಬೇಸಿಗೆಯಲ್ಲಿ ಎಂದಿನಂತೆ ವಿಜಯವಾಡದಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಆವಕಾಯ ಉಪ್ಪಿನಕಾಯಿಯ ಜಾಡಿ ಬಂತು. ಪದ್ಮ ಅದರ ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ವಾಪಸು ಕಳಿಸಿದಳು. ತೆಲುಗರ ಮನೆಯಲ್ಲಿ ಇದು ಮುಖಕ್ಕೆ ಹೊಡೆದ ಹಾಗೆ. ಅಲ್ಲಿಂದಾಚೆ ಆ ಕಡೆಯ ಫೋನೂ ನಿಂತಿತು. ಪದ್ಮ ತಾನೇ ಆವಕಾಯ ಹಾಕಿದಳು, ಬೂಷ್ಟು ಬಂತು. ಸಂಕ್ರಾಂತಿ ಬಂತು, ಹೋಯಿತು. ಮೊದಲು ಅಕ್ಕನ ಜೊತೆ ಫೋನಿನಲ್ಲಿ ಗಾಜುವಾಕದ ಹಳೇ ಟೀಚರುಗಳನ್ನೆಲ್ಲ ಅಣಕಿಸಿ ಬಿದ್ದುಬಿದ್ದು ನಗುತ್ತಿದ್ದಳು. ಆ ನಗುವಿನಲ್ಲಿ ಪಾಲು ತಗೊಳ್ಳಲು ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ. ನನಗೆ ಆ ಟೀಚರುಗಳು ಗೊತ್ತಿಲ್ಲ. ಮನೆ ತಣ್ಣಗಾಯಿತು. ಅವಳ ರವಿಕೆಗಳು ಸಡಿಲವಾದವು.

ಮನೆಯಲ್ಲಿ ಮಾತಿಲ್ಲದ ಮೇಲೆ ನನಗೆ ಟೀವಿಯೇ ಗತಿ. ಅಧಿವೇಶನ ನಡೆಯುತ್ತಿತ್ತು. ನಾನಿದ್ದ ಮೇಜಿನಲ್ಲಿ ಈಗ ಯಾರೋ ಹುಡುಗಿಯರು ಕೂತಿದ್ದರು. ಒಂದು ಮಧ್ಯಾಹ್ನ ಒಬ್ಬ ವಯಸ್ಸಾದ ಸದಸ್ಯೆ ಎದ್ದು ನಿಂತರು. ಅಂಗನವಾಡಿಯ ಹೆಂಗಸರನ್ನು ಹಿಡಿದು ಝಾಡಿಸತೊಡಗಿದರು. ಇವರು ಹೊತ್ತಿಗೆ ಬರುವುದಿಲ್ಲ, ಮಕ್ಕಳ ಅಕ್ಕಿಯನ್ನು ಮನೆಗೆ ಒಯ್ಯುತ್ತಾರೆ, ಮಾಡುವ ಕೆಲಸವೇನು, ಕೇಳುವ ಸಂಬಳವೆಷ್ಟು, ಹೀಗೆ ಒಂದೇ ಸಮನೆ. ನನಗೆ ರೇಗಿಹೋಯಿತು. ಈಯಮ್ಮನಿಗೆ ಕರುಳಿಲ್ಲವೇ ಎಂದು ಟೀವಿಗೇ ಬೈದೆ. ಎದ್ದು ಹೋಗುತ್ತಿದ್ದೆ, ಆದರೆ ಮೊಣಕಾಲು ಹಿಡಿದುಕೊಂಡಿದ್ದರಿಂದ ಏಳಲಾಗಲಿಲ್ಲ. ಆರನೆಯ ನಿಮಿಷವೋ ಏಳನೆಯದೋ, ಆಕೆ ಕೈಯಲ್ಲಿದ್ದ ಕಾಗದ ಮಡಿಚಿಟ್ಟರು, ಕನ್ನಡಕ ತೆಗೆದರು. “ಇವು ನನ್ನ ಮಾತುಗಳಲ್ಲ. ಈ ಹೆಂಗಸರ ಮೇಲೆ ಜನ ಹೊರಿಸುವ ಆರೋಪಗಳು. ಈಗ ಒಂದೊಂದಕ್ಕೂ ಉತ್ತರ ಕೊಡುತ್ತೇನೆ, ಕೇಳಿ” ಎಂದರು. ಆಮೇಲೆ ಕೊಟ್ಟ ಉತ್ತರವಿದೆಯಲ್ಲ, ಎರಡೂ ಕಡೆಯವರು ಮೇಜು ತಟ್ಟಿದರು.

ನಾನು ರಿಮೋಟ್ ಒತ್ತಿ ಟೀವಿಯ ದನಿ ನಿಲ್ಲಿಸಿದೆ. ಮೊದಲು ಎದುರಾಳಿಯ ಮಾತನ್ನು ಪೂರ್ತಿ ಎತ್ತಿ ಹೇಳಿ ಆಮೇಲೆ ಉತ್ತರ ಕೊಡುವುದು ಅಲ್ಲಿ ದಿನನಿತ್ಯದ ಪದ್ಧತಿ. ನಾನೇ ಎಷ್ಟೋ ಸಲ ಅಂಥ ಮಾತಿನ ಮೊದಲರ್ಧ ಬರೆದು ಎದ್ದು ಬಂದಿರಬೇಕು. ಅಲ್ಲಿ ಅದರಿಂದ ಏನೂ ಕೆಡುತ್ತಿರಲಿಲ್ಲ, ನನ್ನ ಐದು ನಿಮಿಷದ ಬಾಲಕ್ಕೆ ಇನ್ನೊಬ್ಬನ ಐದು ನಿಮಿಷ ಅಂಟಿಕೊಳ್ಳುತ್ತಿತ್ತು. ವಿಜಯವಾಡದ ಹಾಲಿನಲ್ಲಿ ನಾನು ಎದ್ದ ಮೇಲೆ ಬಂದು ಕೂರುವವರು ಯಾರೂ ಇರಲಿಲ್ಲ.

ಪದ್ಮಳಿಗೆ ಹೇಳಲು ಧೈರ್ಯ ಬರಲಿಲ್ಲ. ಅನುಮಾನ ಅಷ್ಟೇ ತಾನೆ, ಸುಳ್ಳಾದರೆ ಅವಳಿಗೆ ಮತ್ತೊಂದು ಏಟು. ಮೂರು ದಿನ ಒದ್ದಾಡಿ, ನಾಲ್ಕನೆಯ ದಿನ ಹಾಲು ತರುವ ನೆಪದಲ್ಲಿ ಬಸ್ ಸ್ಟಾಪಿನ ಹತ್ತಿರ ನಿಂತು ವದಿನ ಅವರಿಗೆ ಫೋನು ಮಾಡಿದೆ.

“ಮರಿದಿಗಾರಾ? ಬದುಕಿದ್ದೀರಾ ಅಂಡಿ?”

“ವದಿನಗಾರೂ, ನೀವು ಒಂದು ಸಲ ನಮ್ಮನೆಗೆ ಬರಬೇಕು.”

“ನಾನು ಕಳಿಸಿದ ಜಾಡಿ ತಿರುಗಿ ಬಂತಲ್ಲ, ಆ ಮನೆಗಾ?”

“ತಪ್ಪು ಪದ್ಮಂದಲ್ಲ. ನಂದಿರಬೇಕು ಅಂತ ಕಾಣುತ್ತೆ.”

ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ, “ಶುಕ್ರವಾರ ಅನಕಾಪಲ್ಲಿಯಲ್ಲಿ ಒಂದು ಮದುವೆಗೆ ಬರ್ತಿದ್ದೀನಿ. ಅಲ್ಲಿಂದ ಬರ್ತೀನಿ. ಒಂದು ಗಂಟೆ ಅಷ್ಟೇ” ಎಂದರು.

ಶುಕ್ರವಾರ ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು. ಪದ್ಮ ಕಿಟಕಿಯಿಂದ ನೋಡಿ ಬೆಳ್ಳಗಾದಳು. ವದಿನ ರೇಷ್ಮೆ ಸೀರೆಯಲ್ಲೇ ಬಂದು ಸೋಫಾದ ತುದಿಯಲ್ಲಿ ಕೂತರು, ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. “ನೀರೂ ಬೇಡ” ಎಂದರು. ಪದ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಇಬ್ಬರೂ ನನ್ನನ್ನೇ ನೋಡಿದರು. ಸದನದಲ್ಲಿ ಮಂತ್ರಿಗಳು ಪ್ರಶ್ನೋತ್ತರಕ್ಕೆ ಎದ್ದು ನಿಲ್ಲುವಾಗ ಅವರ ಕಾಲು ನಡುಗುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವತ್ತು ನನ್ನದು ನಡುಗಿತು.

ತೊದಲುತ್ತಾ ಹೇಳಿದೆ. ಇಂಥಾ ದಿನ ತಾವು ತೆನಾಲಿ ಪಿನ್ನಿಯ ಜೊತೆ ಮಾತಾಡಿದ್ದು ನನ್ನ ಕಿವಿಗೆ ಬಿತ್ತು, ಅದನ್ನು ಪದ್ಮಳಿಗೆ ಹೇಳಿದೆ ಎಂದೆ.

“ಏನು ಬಿತ್ತು ಕಿವಿಗೆ? ಹೇಳಂಡಿ. ಒಂದಕ್ಷರ ಬಿಡಬೇಡಿ.”

ಹೇಳಿದೆ. ಸೀರೆಯ ಮಾತು ಬಂದಾಗ ಪದ್ಮ ಗೋಡೆಯ ಕಡೆ ತಿರುಗಿದಳು. ವದಿನ ಕಣ್ಣು ಮಿಟುಕಿಸದೆ ಪೂರ್ತಿ ಕೇಳಿದರು.

“ಸರಿಯಾಗಿದೆ” ಎಂದರು. “ಒಂದಕ್ಷರ ತಪ್ಪಿಲ್ಲ.”

ಮುಗಿಯಿತು, ಉಳಿದಿದ್ದ ಒಂದು ಎಳೆಯನ್ನೂ ನಾನೇ ಹರಿದೆ ಎಂದುಕೊಂಡೆ.

“ಆಮೇಲೆ?” ಎಂದರು ವದಿನ.

“ಆಮೇಲೆ... ನಾನು ಎದ್ದು ಟೀ ಕುಡಿಯೋಕೆ ಹೋದೆ.”

“ಮನೇಲಿ ಟೀ ಇರಲಿಲ್ವಾ?”

“ಇತ್ತು. ಕುಡಿದಾಗಿತ್ತು.”

ವದಿನ ಹಣೆ ಚಚ್ಚಿಕೊಂಡರು. “ಅಯ್ಯೋ ನಾಯನಾ! ಅದು ನನ್ನ ಮಾತಾ? ಪಿನ್ನಿ ಊರೆಲ್ಲ ಸಾರಿಕೊಂಡು ಬಂದಿದ್ದಳು. ಅವಳು ಏನೇನಂದಿದ್ದಳೋ ಅದನ್ನೇ ಮೊದಲು ಅವಳ ಮುಖಕ್ಕೇ ಎತ್ತಿ ಹಿಡಿಯೋಕೆ ಫೋನ್ ಮಾಡಿದ್ದೆ. ಎಲ್ಲ ಹೇಳಿ, ಇದು ನಿನ್ನ ಮಾತು, ಈಗ ನನ್ನ ಉತ್ತರ ಕೇಳು ಅಂದೆ. ಅರ್ಧ ಗಂಟೆ ಕೊಟ್ಟೆ ಉತ್ತರ. ಆ ಅರ್ಧ ಗಂಟೆ ನೀವು ಕಾಲುವೆ ಹತ್ತಿರ ಟೀ ಕುಡೀತಾ ನಿಂತಿದ್ರಿ!”

ಗೋಡೆಯ ಕಡೆ ತಿರುಗಿದ್ದ ಪದ್ಮ ಈ ಕಡೆ ತಿರುಗಿದಳು. ಹದಿನಾಲ್ಕು ತಿಂಗಳಲ್ಲಿ ಅಕ್ಕನ ಜೊತೆ ಅವಳಾಡಿದ ಮೊದಲನೇ ಮಾತು ಇದು:

“ಏನು ಉತ್ತರ ಕೊಟ್ಟೆ?”

ವದಿನ ಕೈಚೀಲ ಪಕ್ಕಕ್ಕಿಟ್ಟು ಎದ್ದು ನಿಂತರು.

“ಅಮ್ಮ ಕೊನೆ ಆರು ತಿಂಗಳು ನನ್ನ ಕೈಲಿ ತಿಂತಿರಲಿಲ್ಲ ಪಿನ್ನಿ ಅಂದೆ. ನನ್ನ ಗುರುತೇ ಹೋಗಿತ್ತು ಅವಳಿಗೆ, ಯಾರೋ ಆಯಾ ಅನ್ಕೊಂಡಿದ್ದಳು. ತುತ್ತು ಇಟ್ಟರೆ ಉಗೀತಿದ್ದಳು. ಮಧ್ಯಾಹ್ನ ಪದ್ಮ ಸ್ಕೂಲಿಂದ ಫೋನ್ ಮಾಡೋಳು. ಸ್ಪೀಕರ್ ಹಾಕಿ ತಟ್ಟೆ ಪಕ್ಕ ಇಡ್ತಿದ್ದೆ. ಈ ದನಿ ಬಂತೋ, ಅಮ್ಮ ಬಾಯಿ ತೆಗೀತಿದ್ದಳು. ಪದ್ಮ ಮಾತಾಡಿದಷ್ಟು ಹೊತ್ತೂ ತಿಂತಿದ್ದಳು. ಫೋನ್ ಇಟ್ಟರೆ ಬಾಯಿ ಮುಚ್ಚಿಬಿಡೋಳು. ಆರು ತಿಂಗಳು ಅಮ್ಮ ಬದುಕಿದ್ದು ಆ ಫೋನಿನಿಂದ. ಪದ್ಮ ಏನು ಮಾಡಿದಳು ಅಂತ ಇನ್ನೊಂದು ಸಲ ಕೇಳಿದರೆ ನನ್ನ ಮನೆ ಮೆಟ್ಟಿಲು ಹತ್ತಬೇಡ ಅಂದೆ. ಪಿನ್ನಿ ಇವತ್ತಿನ ತನಕ ಹತ್ತಿಲ್ಲ.”

ಪದ್ಮ ಹಾಗೇ ಕೆಳಗೆ ಕೂತುಬಿಟ್ಟಳು. “ನಂಗೆ ಯಾಕೆ ಹೇಳಲಿಲ್ಲಕ್ಕಾ?”

ವದಿನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಹೊಟ್ಟೆಕಿಚ್ಚು ಕಣೇ” ಎಂದರು. “ತುತ್ತು ಕಲಸೋಳು ನಾನು, ಬಾಯಿ ತೆಗೆಯೋದು ನಿನ್ನ ದನಿಗೆ. ಪಿನ್ನಿ ಮುಂದೆ ಹೇಳೋಕೆ ಬಂತು. ನಿನ್ನ ಮುಂದೆ ಹೇಳೋಕೆ ಬರಲಿಲ್ಲ.”

“ನಾನು ಸುಮ್ನೆ ಬಾಯಿಗೆ ಬಂದದ್ದೆಲ್ಲ ಮಾತಾಡ್ತಿದ್ದೆ” ಎಂದಳು ಪದ್ಮ. “ಸ್ಕೂಲಿಂದು, ಮಕ್ಕಳದ್ದು, ಏನೇನೋ. ಆ ಕಡೆಯಿಂದ ಅಮ್ಮ ಒಂದು ದಿನಾನೂ ಹೂಂ ಅನ್ನಲಿಲ್ಲ. ನನ್ನ ಪೂರ್ತಿ ಮರೆತುಬಿಟ್ಟಳು, ಕೇಳಿಸಿಕೊಳ್ತಾನೂ ಇಲ್ಲ ಅನ್ಕೊಂಡಿದ್ದೆ ಅಕ್ಕಾ. ಈ ಹೊತ್ತಿನ ತನಕ ಹಂಗೇ ಅನ್ಕೊಂಡಿದ್ದೆ.”

“ಎಲ್ಲಿ ಮಾತಾಡ್ತಾಳೆ ಹುಚ್ಚೀ? ಬಾಯ್ತುಂಬ ಅನ್ನ ಇತ್ತಲ್ಲೇ!”

ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತದ್ದನ್ನು ನಾನು ಬರೆಯುವುದಿಲ್ಲ. ನನಗೂ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಅತ್ತು ಮುಗಿದ ಮೇಲೆ ಅಕ್ಕ ತಂಗಿ ಒಟ್ಟಿಗೆ ನನ್ನ ಕಡೆ ತಿರುಗಿದರು. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವಿಲ್ಲದೆ ತೆಲುಗಿನಲ್ಲೂ ಕನ್ನಡದಲ್ಲೂ ಬೈದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದುಕೊಂಡರು. ನಾನು ಗೋಡೆಗೆ ಆತು ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಎದೆಯ ಮೇಲೆ ಕೂತಿದ್ದ ಒರಳುಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಿತ್ತು. ಇನ್ನಷ್ಟು ಬೈಯಲಿ, ಸಂಜೆಯ ತನಕ ಬೈಯಲಿ ಎನ್ನಿಸಿತು.

ಒಂದು ಗಂಟೆಗೆಂದು ಬಂದವರು ಕೈಕಾಲು ತೊಳೆದು, ಪದ್ಮಳ ಹಳೇ ಕಾಟನ್ ಸೀರೆ ಉಟ್ಟುಕೊಂಡು ಬಂದರು. ಮೂವರೂ ಊಟಕ್ಕೆ ಕೂತೆವು. ಅನ್ನ, ಗೋಂಗೂರ ಪಪ್ಪು ಎಂಬ ಪುಂಡಿಸೊಪ್ಪಿನ ಬೇಳೆ, ಹುರಿದ ಮೆಣಸಿನಕಾಯಿ. ಪದ್ಮ ಅಕ್ಕನ ತಟ್ಟೆಗೆ ಬಡಿಸುತ್ತಾ ಮಾತಿಗೆ ತೊಡಗಿದಳು. ಬೂಷ್ಟು ಬಂದ ಆವಕಾಯ, ಪಕ್ಕದ ಮನೆಯ ನೇವಿಯವರ ನಾಯಿ, ಸಡಿಲವಾದ ರವಿಕೆ, ಅಷ್ಟೂ ತಿಂಗಳ ಮಾತು ಒಂದರ ಹಿಂದೆ ಒಂದು ಬಂತು. ತನ್ನ ತಟ್ಟೆಯ ಕಡೆ ಅವಳು ನೋಡಲೂ ಇಲ್ಲ. ವದಿನ ಒಂದಕ್ಕೂ ಉತ್ತರ ಕೊಡಲಿಲ್ಲ. ಅವರ ಬಾಯ್ತುಂಬ ಅನ್ನವಿತ್ತು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ತಲೆ ಮಾತ್ರ ಹೂಂ, ಹೂಂ ಎಂದು ಆಡುತ್ತಿತ್ತು. ಪದ್ಮ ಅದನ್ನು ನೋಡಿದಳು, ನೋಡಿ ಇನ್ನೂ ಜೋರಾಗಿ ಮಾತಾಡತೊಡಗಿದಳು.